ಬಚ್ಚಲಿನ ಬಾಗಿಲ ಹಿಂದಿನ ಸಂಶೋಧನೆ

ಎದುರುಮನೆಯಲ್ಲಿ ಕೆಂಡಕ್ಕೆ ಹಾಕಿದ ಅಜವಾನದ, ಓಮಕಾಳಿನ, ಹೊಗೆ ನಮ್ಮ ಪಡಸಾಲೆಗೂ ಬಂದಿದೆ. ಕನ್ನಡದ ಮನೆಗಳು ಒಂದೇ ಅಂಗಳ ಸುತ್ತಿ ನಿಂತ ಪುಣೆಯ ಈ ವಾಡೆಯಲ್ಲಿ ಬಾಣಂತಿಯೊಬ್ಬಳಿದ್ದಾಳೆಂದು ಸಾರುವುದು ಈ ಹೊಗೆಯೇ. ನಿಮಗಿದು ಬರಿಯ ವಾಸನೆ. ನನಗೆ, ನಾನು ಸೋತು ಹೆಮ್ಮೆಪಟ್ಟ ಒಂದೇ ಒಂದು ಚರ್ಚೆಯ ನೆನಪು.

ನಮ್ಮ ವೈನಿ, ಎಂದರೆ ಅಣ್ಣನ ಹೆಂಡತಿ, ಹೆರಿಗೆ ಆಸ್ಪತ್ರೆಯಲ್ಲಿ ದಾದಿಯಾಗಿದ್ದರು. ಹಡೆದವಳ ಮೈಗೆ ಎಣ್ಣೆಯುಂಟು, ಮನಸ್ಸನ್ನು ಕೇಳುವವರಿಲ್ಲವೆಂದು ಕಂಡು, ಮನೆಮನೆಗೆ ಹೋಗಿ ವಿಚಾರಿಸಿ ಬರೆದಿಡಲು ಹೊರಟರು. ಕಾಲೇಜಿನ ವಾಗ್ಮಿಯಾದ ನಾನು ಪ್ರಶ್ನೆಗಳನ್ನು ರಚಿಸಿಕೊಟ್ಟೆ. "ಪ್ರಸವಾನಂತರ ತಮ್ಮ ಚಿತ್ತವೃತ್ತಿಯಲ್ಲಿ ಯಾವ ವ್ಯತ್ಯಯ ಕಂಡುಬಂದಿದೆ?" ಎಂಬುದು ಮೊದಲನೆಯದು. ಬಾಣಂತಿಯರೆಲ್ಲ ಪಕ್ಕದಲ್ಲಿ ಕುಳಿತ ಅತ್ತೆಯ ಮುಖ ನೋಡಿ, "ಎಲ್ಲಾ ಛಲೋ ಅದರಿ" ಎಂದರಂತೆ.

"ಇದು ಪ್ರಶ್ನಿ ಅಲ್ಲೋ ಮಾರಾಯಾ, ಮೆರವಣಿಗಿ," ಎಂದು ವೈನಿ ನಕ್ಕರು. "ಅತ್ತಿ ಬರಲಾರದ ಜಾಗಾ ಬೇಕು. ನಾನ ಬಾಣಂತಿಗೆ ನೀರು ಎರೀತೀನಿ, ಎರಿಯೂ ಹೊತ್ತಿನಾಗ ಕೇಳ್ತೀನಿ."

ಬಚ್ಚಲಿನ ಬಾಗಿಲು ಮುಚ್ಚಿ, ಬೆನ್ನಿಗೆ ಬಿಸಿನೀರು ಬಿದ್ದೊಡನೆ ಹೆಂಗಸರು ಮಾತಾಡಿದರು. ವೈನಿ ಅದನ್ನೆಲ್ಲ ಹೆಸರುಗಳಿಲ್ಲದೆ ಒಂದು ವಹಿಯಲ್ಲಿ ಬರೆದಿಟ್ಟರು; ಅದನ್ನು ಪ್ರತಿಮಾಡುವುದಷ್ಟೇ ನನ್ನ ಪಾಲಿಗೆ ಉಳಿಯಿತು.

ಸ್ತ್ರೀಯರ ಉದ್ಧಾರದಲ್ಲಿ ಹೀಗೆ ಮುಳುಗಿದ್ದ ನನಗೆ, ಹಡೆದು ಹದಿನೈದು ದಿನವಾದ ಸ್ವಂತ ಹೆಂಡತಿ ಗೋದಾ ಕೂಸನ್ನು ಮುಟ್ಟುತ್ತಿಲ್ಲವೆಂಬುದು ಅವ್ವ ಹೇಳುವವರೆಗೆ ತಿಳಿಯಲಿಲ್ಲ.

"ಗಾಳಿ ಬಡದದ. ಅಮಾಸಿಗೆ ಮಂತ್ರ ಹಾಕಾಂವ ಬರ್ತಾನ. ಬಿಡಲಿಲ್ಲಂದ್ರ ಆಕಿ ತವರಿಗೆ ಹೋಗಲಿ, ಕೂಸು ಇಲ್ಲೇ ಇರಲಿ."

ನಾನು ಎದ್ದು ನಿಂತು ವಿಜ್ಞಾನ, ವಿವೇಕ, ಮಾನವತೆಗಳನ್ನು ಕುರಿತು ಸಾಂಗವಾಗಿ ಮಾತಾಡಿದೆ. ಅವ್ವ ಅಕ್ಕಿ ಆರಿಸುತ್ತಲೇ, "ಮುಗೀತೇನಪಾ?" ಎಂದಳು.

ವೈನಿ ಮಾತ್ರ, "ಅತ್ತಿ, ಇವತ್ತ ಗೋದಾಗ ನಾ ಎರೀತೀನ್ರಿ," ಎಂದು ತಂಬಿಗೆ ಎತ್ತಿಕೊಂಡರು. ಹೊರಗೆ ನಿಂತ ನಮಗೆ ಮೊದಲು ನೀರಿನ ಸದ್ದು ಕೇಳಿತು, ಅದು ನಿಂತಿತು, ಬಳಿಕ ಗೋದಾ ಅತ್ತಳು, ಬಹಳ ಹೊತ್ತು.

ಹೊರಬಂದ ವೈನಿ ಹೇಳಿದರು: "ದೆವ್ವ ಅಲ್ರಿ ಅತ್ತಿ. ಹಡದಾಗಿಂದ ಆಕಿಗೆ ನಿದ್ದಿಲ್ಲ. ಕೂಸು ಕೈಜಾರಿ ಬಿದ್ದೀತಂತ ಅಂಜ್ಯಾಳ. ಕೂಸಿನ್ನ ನಾ ನೋಡಕೋತೀನಿ. ನೀವು ಆಕಿ ಮಗ್ಗಲಿಗೆ ಸುಮ್ಮನ ಕೂಡ್ರಿ."

ಅವ್ವ ಕುಳಿತಳು. ಅಮಾವಾಸ್ಯೆಗೆ ಬೇವಿನ ಸೊಪ್ಪು ಹಿಡಿದು ಬಂದವನನ್ನು ಅವಳೇ ಬಾಗಿಲಲ್ಲಿ ತಡೆದಳು: "ಗದ್ದಲ ಮಾಡಬ್ಯಾಡ್ರಿ. ಸೊಸಿಗೆ ಈಗರ ಕಣ್ಣು ಹತ್ಯಾವ."

ಮುಂದೆ ವೈನಿಯ ವಹಿಯನ್ನು ಆಸ್ಪತ್ರೆಯ ಡಾಕ್ಟರಬಾಯಿ ಓದಿದರು. ಅಲ್ಲಿ ಹಡೆದವರನ್ನೆಲ್ಲ ಅತ್ತೆಯರಿಲ್ಲದೆಡೆ ಕರೆದು ಕೇಳುವ ಪದ್ಧತಿ ಬಂತು. ನನ್ನ ಆ ಮೊದಲ ಪ್ರಶ್ನೆಯನ್ನು ಅಲ್ಲಿ ಯಾರೂ ಕೇಳಲಿಲ್ಲವೆಂಬುದನ್ನು ಇಂದಿಗೂ ಹೆಮ್ಮೆಯಿಂದಲೇ ಹೇಳುತ್ತೇನೆ.

ಈ ದಿನ ಎದುರುಮನೆಯ ಸೊಸೆಗೆ ಎರೆಯಲು ಹೋಗಿರುವವಳು ಗೋದಾ. "ಅವರತ್ತಿನ್ನ ಮಾತಾಡಿಸಕೋತ ಕೂಡ್ರಿ," ಎಂಬುದು ನನಗಿತ್ತ ಆಜ್ಞೆ. ಬಚ್ಚಲಿನಿಂದ ಕೇಳುತ್ತಿದ್ದ ನೀರಿನ ಸದ್ದು ನಿಂತೊಡನೆ, ನನ್ನೊಡನೆ ಅಂಗಳದಲ್ಲಿ ಕುಳಿತಿದ್ದ ಆ ಅತ್ತೆ ಏಳಹೊರಟರು. ನನಗೆ ಭಾಷಣವೊಂದೂ ಹೊಳೆಯಲಿಲ್ಲ.

"ನಿಮ್ಮ ಚೊಚ್ಚಲ ಬಾಣಂತನದಾಗ ನಿಮಗ ಯಾರು ಎರೀತಿದ್ರು?" ಎಂದೆ.

ಅವರು ನಿಂತರು. ಸೆರಗು ಸರಿಮಾಡಿಕೊಂಡು ಮತ್ತೆ ಕುಳಿತರು.

"ಅದನ್ನ ಯಾರೂ ಕೇಳಿದ್ದಿಲ್ಲ ಬಿಡ್ರಿ," ಎಂದು, ಹೇಳತೊಡಗಿದರು.