ಇಲಿಗಳು ಬಿಟ್ಟ ಊಟ

ಪಾಪಮ್ಮನನ್ನು ಕಾಲೇಜಿನಲ್ಲಿ ಯಾರೂ ಇಷ್ಟಪಡುವುದಿಲ್ಲ. ನಾನೂ ಇಷ್ಟಪಟ್ಟಿಲ್ಲ. ಹಳ್ಳಿಮೈಸೂರಿನಿಂದ ದಿನಾ ಬಸ್ಸಿನಲ್ಲಿ ಹಾಸನಕ್ಕೆ ಬಂದು, ನಮ್ಮ ಫಾರ್ಮಸಿ ಕಾಲೇಜಿನ ಇಲಿಗೂಡುಗಳನ್ನು ತೊಳೆಯುವ ಹೆಂಗಸು. ಹನ್ನೊಂದು ವರ್ಷವಾದರೂ ಗುತ್ತಿಗೆ ಕೆಲಸವೇ. ಯಾರನ್ನು ಕಂಡರೂ ಮುಖ ಗಂಟು. ಇಲಿಗಳನ್ನು ಮುದ್ದು ಮಾಡಿದ್ದನ್ನೂ ನಾನು ಕಂಡಿಲ್ಲ.

ಚನ್ನರಾಯಪಟ್ಟಣದ ಸಂಜಯ್, ನಿವೃತ್ತಿ ಹತ್ತಿರವಾದ ನಾನು ತೆಗೆದುಕೊಂಡ ಕೊನೆಯ ಪಿಎಚ್.ಡಿ. ವಿದ್ಯಾರ್ಥಿ. ನೆಲಬೇವು ಎಂಬ ಕಹಿ ಗಿಡದ ಸಾರ ಕೊಲೆಸ್ಟ್ರಾಲ್ ಇಳಿಸುತ್ತದೆಯೇ ಎಂಬುದು ಅವನ ವಿಷಯ. ಕೊಲೆಸ್ಟ್ರಾಲ್ ಏರಲೆಂದು ಎಲ್ಲ ಇಲಿಗಳಿಗೂ ಡಾಲ್ಡಾದಂಥ ವನಸ್ಪತಿ ಕೊಬ್ಬು ಬೆರೆಸಿದ ಊಟ. ಅರ್ಧದಷ್ಟಕ್ಕೆ ಮಾತ್ರ ಸಾರವನ್ನು ನಳಿಕೆಯಿಂದ ನೇರ ಹೊಟ್ಟೆಗೆ ಬಿಡಬೇಕು. ಮೊದಲ ದಿನವೇ ಇಲಿ ಅವನ ಹೆಬ್ಬೆರಳು ಕಚ್ಚಿತು. ಪಾಪಮ್ಮ ನಕ್ಕಳು.

ಮರುದಿನದಿಂದ ಅವನು ಸಾರವನ್ನು ಊಟಕ್ಕೇ ಕಲಸಿದ. ಇದೆಲ್ಲ ನನಗೆ ತಿಳಿದದ್ದು ಆಮೇಲೆ.

"ದನುಕ್ಕೆ ಕಹಿ ಔಸ್ತಿಯ ಬಿದಿರ ಗೊಟ್ಟದಾಗೆ ಗಂಟ್ಲಿಗೆ ಉಯ್ತೀವಿ ಸಾ. ಬೂಸದಾಗೆ ಕಲಸಿದ್ರೆ ಮೂಸೂ ನೋಡಾಕಿಲ್ಲ," ಎಂದಳಂತೆ ಪಾಪಮ್ಮ.

"ನೀನೇನು ಪ್ರೊಫೆಸರಾ? ನನ್ನ ಕೇಳ್ದೆ ಇಲ್ಲಿ ಒಂದು ಚೂರೂ ಎಸೀಬೇಡ. ಬಾಯಿ ಬಿಟ್ರೆ ಕೆಲಸದಿಂದ ತೆಗೆಸ್ತೀನಿ," ಎಂದು ಸಂಜಯ್ ಗದರಿದನಂತೆ.

ಎಂಟು ವಾರ ನಾನು ಅತ್ತ ಹೋಗಲಿಲ್ಲ. ಅದು ನನ್ನ ತಪ್ಪು. ಸಾರ ಕೊಟ್ಟ ಇಲಿಗಳಲ್ಲಿ ಕೊಲೆಸ್ಟ್ರಾಲ್ ತುಂಬ ಕಡಿಮೆ ಎಂದು ಸಂಜಯ್ ವರದಿ ತಂದ. ಅಷ್ಟು ಚೆಂದದ ಅಂಕಿಗಳನ್ನು ನಾನು ನಂಬುವುದಿಲ್ಲ. ಅವನನ್ನೂ ಕರೆದುಕೊಂಡು ಇಲಿಗಳ ಕೋಣೆಗೆ ಹೋದೆ. ಹಳಸಿದ ವನಸ್ಪತಿಯ ನಾತ.

"ಏನಿದು ಪಾಪಮ್ಮ, ಇಷ್ಟು ಗಲೀಜು?"

"ಸಾರ್‌ನೇ ಕೇಳಿ ಮೇಡಮ್ಮೋರೆ. ಎಸೀಬ್ಯಾಡ ಅಂದ್ರು, ಮಡಗಿವ್ನಿ."

ಮೂಲೆಯ ಡ್ರಮ್ಮಿನ ತುಂಬ, ಇಲಿಗಳು ಬಿಟ್ಟ ಊಟ ಕಟ್ಟಿಟ್ಟ ಪ್ಲಾಸ್ಟಿಕ್ ಕವರುಗಳು. ಪ್ರತಿಯೊಂದರ ಮೇಲೂ ಸೊಟ್ಟ ಬರಹದಲ್ಲಿ ಗೂಡಿನ ನಂಬರು. ಎಲ್ಲವೂ ಸಾರ ಕೊಟ್ಟ ಗೂಡುಗಳದ್ದೇ.

"ಮಿಕ್ಕವು ಬಟ್ಲು ನೆಕ್ಕಾಕವೆ. ಇವು ಒಸಿ ತಿಂದು ಮಕ ತಿರುವ್ಕಂಡವೆ."

ವನಸ್ಪತಿಯನ್ನೇ ಸರಿಯಾಗಿ ತಿನ್ನದ ಇಲಿಗೆ ಕೊಲೆಸ್ಟ್ರಾಲ್ ಏರುವುದೆಲ್ಲಿಂದ? ನೆಲಬೇವಿನ ಬಗ್ಗೆ ಆ ವರದಿಯಿಂದ ಏನೂ ತಿಳಿಯುವಂತಿರಲಿಲ್ಲ.

ಸಂಜಯ್ ಕೂಗಾಡಿದ. "ಗೂಡು ತೊಳೆಯೋಳ ಮಾತು ಕೇಳ್ತೀರಾ ಮೇಡಂ? ಲೇ, ನಾಳೆಯಿಂದ ಬರಬೇಡ ಕಣೇ!"

"ಬರಾಕಿಲ್ಲ ಬುಡಿ. ಇಲಿಯ ಯಾರು ಇಡ್ಕಂಡಾರು, ನೀವಾ? ಯಾವ ಬೆರಳ್ನಾಗೆ?"

ನಾನು ವರದಿಗೆ ಸಹಿ ಹಾಕಲಿಲ್ಲ. ಮೊದಲಿನಿಂದ ಮಾಡು, ನಳಿಕೆಯಲ್ಲೇ ಕೊಡು ಎಂದೆ. ಪಾಪಮ್ಮನನ್ನು ಕೆಲಸದಿಂದ ತೆಗೆಯಬೇಕೆಂದು ಅವನು ಪ್ರಿನ್ಸಿಪಾಲರಿಗೆ ಅರ್ಜಿ ಕೊಟ್ಟ. ಹೊಸ ಇಲಿಗಳು ಬಂದ ಎರಡನೇ ದಿನ, ಬೆರಳಿಗೆ ಮತ್ತೊಂದು ಬ್ಯಾಂಡೇಜು ಸುತ್ತಿಕೊಂಡು ಹೋಗಿ ತಾನೇ ಆ ಅರ್ಜಿಯನ್ನು ವಾಪಸು ಪಡೆದ. ನಳಿಕೆ ಹಾಕುವಾಗ ಇಲಿ ಅಲುಗದಂತೆ ಹಿಡಿಯಬಲ್ಲವರು ಆ ಕಟ್ಟಡದಲ್ಲಿ ಅವಳೊಬ್ಬಳೇ.

ಈಗ ದಿನಾ ಹತ್ತು ಗಂಟೆಗೆ ಅವಳು ಹಿಡಿಯುತ್ತಾಳೆ, ಅವನು ಸಾರ ಬಿಡುತ್ತಾನೆ. ಕೊನೆಗೆ, ಮಿಕ್ಕ ಊಟವನ್ನು ಅವನು ತೂಗಿ ಬರೆದುಕೊಳ್ಳುವವರೆಗೂ ಅವಳು ಎದುರಿಗೇ ನಿಂತಿರುತ್ತಾಳೆ.

"ಎಸೀಲಾ ಸಾ?"

ಅವನು ಬಾಯಿಬಿಟ್ಟು ಹೇಳುವವರೆಗೂ ಎಸೆಯುವುದಿಲ್ಲ.