ಫಕೀರಪ್ಪನವರ ಮುಲಾಮಿನ ಅರ್ಜಿಗಳು

ಫಕೀರಪ್ಪನವರು ಸರಕಾರಿ ಅರ್ಜಿಗಳ ಮೇಲೆ ಎತ್ತಿನ ಕಣ್ಣು ಬರೆಯುತ್ತಿದ್ದರು. ಸಹಿಯ ಪಕ್ಕದಲ್ಲಿ, ಜಾಗ ಸಾಲದಿದ್ದರೆ ಹಾಳೆಯ ಹಿಂಬದಿಯಲ್ಲಿ, ಸಾಲಾಗಿ ನಾಲ್ಕು ಕಣ್ಣು. ಮೊದಲನೆಯದರಿಂದ ನೀರು ಸೋರುತ್ತಿರುತ್ತಿತ್ತು. ಎರಡನೆಯದರ ನಡುವೆ ಸಾಸಿವೆಯಷ್ಟು ಬಿಳಿ ಚುಕ್ಕೆ. ಮೂರನೆಯದು ಪೂರ್ತಿ ಬಿಳಿ, ಸುತ್ತ ಕೆಂಪು ಶಾಯಿ. ನಾಲ್ಕನೆಯದನ್ನು ಅವರು ಮಸಿಯಿಂದ ತುಂಬಿಬಿಡುತ್ತಿದ್ದರು.

ಎಪ್ಪತ್ತರ ದಶಕದ ಕೊನೆಗೆ ನಾನು ಬೆಳಗಾವಿಯಲ್ಲಿ ದನದ ಔಷಧಗಳ ಒಂದು ಉಗ್ರಾಣದಲ್ಲಿ ಗುಮಾಸ್ತೆಯಾಗಿ ಸೇರಿದೆ. ಅದೇ ಶಹರದ ಟಿಳಕವಾಡಿಯಲ್ಲಿ ಬೆಳೆದ ನನಗೆ ದನ ಅಂದರೆ ಹಾಲು ಹಾಕುವವನ ಎಮ್ಮೆಯಷ್ಟೇ ಗೊತ್ತು. ಫಕೀರಪ್ಪನವರು ಖಾನಾಪುರ ತಾಲೂಕಿನಲ್ಲಿ, ಹಲಸಿಯ ಆಚೆ ದನದ ಒಂದು ಸಣ್ಣ ದವಾಖಾನೆಯ ಕಂಪೌಂಡರ್. ಡಾಕ್ಟರಿಗೆ ಮೂರು ಊರಿನ ಚಾರ್ಜು ಇದ್ದದ್ದರಿಂದ ದವಾಖಾನೆ ನಡೆಯುತ್ತಿದ್ದದ್ದು ಇವರಿಂದಲೇ.

ನಾನು ಸೇರಿದ ಮೊದಲ ಮಳೆಗಾಲದಲ್ಲಿ ಒಂದು ಬೆಳಗ್ಗೆ ಒದ್ದೆ ಕೊಡೆ ಹಿಡಿದು ನನ್ನ ಟೇಬಲ್ಲಿನ ಮುಂದೆ ಬಂದು ನಿಂತರು. ಐವತ್ತು ದಾಟಿದ ಮನುಷ್ಯ, ಹಣೆಯ ತುಂಬ ವಿಭೂತಿ.

"ನನ್ನ ಕಾಗದ ಎಲ್ಲೈತಿ ತಂಗಿ?"

ಹುಡುಕಿದೆ. ಕಡತಗಳ ತಳದಲ್ಲಿ ಸಿಕ್ಕಿತು. ಸೀಲು ನೋಡಿ, "ಬಂದು ಹನ್ನೊಂದು ದಿನಾ ಆತ್ರಿ" ಎಂದೆ.

ಅವರು ಮೊದಲ ಕಣ್ಣಿನ ಮೇಲೆ ಬೆರಳಿಟ್ಟರು. "ಬರದಾಗ ಎತ್ತು ಇಲ್ಲಿತ್ತು." ಬೆರಳು ಮೂರನೆಯದಕ್ಕೆ ಸರಿಯಿತು. "ಈಗ ಇಲ್ಲೈತಿ. ನಿಮ್ಮ ಸಾಹೇಬ್ರು ಸಹಿ ಮಾಡಿ ಮುಲಾಮು ನನ್ನ ಕೈಗೆ ಬರೂದ್ರಾಗ..." ಕಪ್ಪು ಕಣ್ಣನ್ನು ಎರಡು ಸಲ ಕುಟ್ಟಿದರು.

ನನಗೆ ಸಿಟ್ಟು ಬಂತು. "ನೀವು ಫಾರಂ ತುಂಬಿಲ್ರಿ. ಫಾರಂ ಇಲ್ದ ಸಾಹೇಬ್ರು ನೋಡಂಗಿಲ್ಲ."

"ಫಾರಂನ್ಯಾಗ ಕಣ್ಣು ಬರಿಯಾಕ ಜಾಗಾ ಇಲ್ಲಲ್ಲ."

ಆ ಮನುಷ್ಯನ ಜೊತೆ ವ್ಯವಹರಿಸುವುದು ಅಂದರೆ ಹೀಗೇ. ಅವರು ಹೇಳುವುದು ಖರೆ ಇರುತ್ತಿತ್ತು, ಹೇಳುವ ರೀತಿಯಿಂದ ಕೆಲಸ ಕೆಡುತ್ತಿತ್ತು. ಒಂದು ಅರ್ಜಿಯನ್ನು "ಸಾಹೇಬರಿಗೆ ದನಗಳ ನಮಸ್ಕಾರ. ಅವಕ್ಕೆ ಈಗ ತಾವು ಕಾಣುತ್ತಿಲ್ಲ" ಎಂದು ಶುರು ಮಾಡಿದ್ದರು. ಸಾಹೇಬರು ಅದನ್ನು ಓದಿ, ಮಡಚಿ, ಡ್ರಾಯರಿನಲ್ಲಿಟ್ಟು ತಿಂಗಳಾದರೂ ತೆಗೆಯಲಿಲ್ಲ.

"ಸ್ವಲ್ಪ ಮೆತ್ತಗ ಬರೀರಿ ಕಾಕಾ" ಎಂದು ಬೇಡಿಕೊಂಡೆ.

"ಮೆತ್ತಗ ಬರದ್ರ ಕೊಡತಾರೇನು?"

"ಸಿಟ್ಟಿನಿಂದ ಬರದ್ರೂ ಕೊಡೂದಿಲ್ರಿ."

"ಹಂಗಾರ ನನ್ನ ಸಿಟ್ಟರ ಖಾಲಿ ಆಗತೈತಿ ಬಿಡು."

ಮರುವರ್ಷ ಆಷಾಢದಲ್ಲಿ ದಾಸ್ತಾನು ತಾಳೆ ನೋಡಲು ನನ್ನನ್ನು ಅವರ ದವಾಖಾನೆಗೆ ಕಳಿಸಿದರು. ನಾನು ಕಪಾಟಿನಲ್ಲಿ ಬಾಟಲಿ ಎಣಿಸುತ್ತಿದ್ದಾಗ ವಿಠೋಬಾ ಎಂಬ ರೈತ ಒಂದು ಕೆಂದ ಎತ್ತನ್ನು ಹಿಡಿದುಕೊಂಡು ಬಂದ. ಭತ್ತದ ನಾಟಿ ಜೋರಾಗಿದ್ದ ದಿನಗಳು. ಎತ್ತಿನ ಬಲಗಣ್ಣು ಉಬ್ಬಿ ಒಡೆದುಹೋಗಿತ್ತು. ಎಡಗಣ್ಣಿನಿಂದ ನೀರು ಇಳಿದು ಕೆನ್ನೆಯ ಕೂದಲು ಅಂಟಿಕೊಂಡಿತ್ತು, ನಡುವೆ ಬಿಳಿ ಚುಕ್ಕೆ. ಅರ್ಜಿಯಲ್ಲಿ ನೋಡಿ ನೋಡಿ ನನಗೆ ಬಾಯಿಪಾಠವಾಗಿದ್ದ ಚಿತ್ರ ಅಲ್ಲಿ ರೆಪ್ಪೆ ಬಡಿಯುತ್ತ ನಿಂತಿತ್ತು.

ಫಕೀರಪ್ಪನವರು ಬಗ್ಗಿ ಒಡೆದ ಕಣ್ಣನ್ನು ಮೂಸಿ ನೋಡಿದರು. "ತಂಬಾಕು ಅಗದು ಉಗುಳೀದಿ ಹೌದಿಲ್ಲೋ?"

"ಕಣ್ಣಾಗ ಬಿಳಿ ಹೂ ಬಿದ್ದಿತ್ತರಿ. ತಂಬಾಕಿಗೆ ಹೂ ಕರಗತೈತಿ ಅಂತ ಮಂದಿ ಅಂತಾರ" ಎಂದ ವಿಠೋಬಾ.

"ಕಣ್ಣ ಕರಗಿತು ನೋಡ. ನಿನ್ನ ಕಣ್ಣಾಗ ನಾ ಉಗುಳಿದ್ರ ಸುಮ್ಮ ನಿಲ್ತೀ?"

ವಿಠೋಬಾ ಎತ್ತಿನ ಹಗ್ಗ ನೋಡುತ್ತ ನಿಂತ. ಆಮೇಲೆ ಮೆಲ್ಲಗೆ ಹೇಳಿದ. "ಹಿಂದಿನ ವಾರ ಬಂದಿದ್ನಿರಿ. ನೀವು ಔಷಧ ಇಲ್ಲಂದ್ರಿ. ಮನ್ಯಾಗ ತಂಬಾಕಿತ್ತು."

ಫಕೀರಪ್ಪನವರು ಅವನ ಕೈಯಿಂದ ಹಗ್ಗ ತೆಗೆದುಕೊಂಡರು. ನನ್ನ ಕಡೆ ನೋಡಲಿಲ್ಲ. ನೋಡಿದ್ದರೆ ಒಳ್ಳೆಯದಿತ್ತು.

ಎತ್ತಿನ ತಲೆಯನ್ನು ಮರಕ್ಕೆ ಬಿಗಿಸಿ ಕಟ್ಟಿಸಿದರು. ಕಾಯಿಸಿ ಆರಿಸಿದ ಉಪ್ಪುನೀರಿನಲ್ಲಿ ಅರಳೆ ಅದ್ದಿ ಎಡಗಣ್ಣನ್ನು ತೊಳೆದರು, ಪ್ರತಿ ಸಲವೂ ಹೊಸ ಅರಳೆ. ಅವರ ಹತ್ತಿರ ಇದ್ದದ್ದು ಮುಗಿಯಿತೆಂದು ಎತ್ತಿಟ್ಟಿದ್ದ ಒಂದೇ ಮುಲಾಮಿನ ಟ್ಯೂಬು. ಅದನ್ನು ಪೆನ್ಸಿಲಿಗೆ ಸುತ್ತಿ ಸುತ್ತಿ ಅಕ್ಕಿಕಾಳಿನಷ್ಟು ಹಿಂಡಿ ತೆಗೆದು, ಕೆಳರೆಪ್ಪೆ ಎಳೆದು ಒಳಗೆ ಹಚ್ಚಿದರು. ಮೇಲೆ ದಪ್ಪ ನೀಲಿ ಬಟ್ಟೆಯ ತುಂಡೊಂದನ್ನು ಕಣ್ಣಿಗೆ ಒತ್ತದ ಹಾಗೆ ಕೋಡಿಗೆ ಕಟ್ಟಿದರು. ಬಿಸಿಲು ತಾಕಬಾರದು, ನೊಣ ಕೂರಬಾರದು.

"ಬ್ಯಾರೆ ಕಟ್ಟು. ನೆರಳಾಗ ಕಟ್ಟು. ಹೊಗಿ ಹಾಕು" ಎಂದು ವಿಠೋಬಾನಿಗೆ ಮೂರು ಸಲ ಹೇಳಿದರು. ಅವನು ಹೋದಮೇಲೆ ಖಾಲಿ ಟ್ಯೂಬನ್ನು ನನ್ನ ದಾಸ್ತಾನು ಪುಸ್ತಕದ ಮೇಲಿಟ್ಟರು. "ನೊಣಾ ಫಾರಂ ತುಂಬೂದಿಲ್ಲ ತಂಗಿ. ಈ ಕಣ್ಣಿಂದ ಆ ಕಣ್ಣಿಗೆ ಸೀದಾ ಹೋಗತೈತಿ. ನಾಳೆ ಹಚ್ಚಾಕ ನನ್ನ ಕಡೆ ಏನೈತಿ ಹೇಳು."

ಮರುದಿನ ಬೆಳಗಾವಿಗೆ ಅವರೇ ಬಂದರು. ಸಾಹೇಬರು ಎಂಟು ದಿನ ರಜೆಯಲ್ಲಿದ್ದರು. ನಮ್ಮ ಕಪಾಟಿನಲ್ಲಿ ಮುಲಾಮು ಡಬ್ಬಿಗಟ್ಟಲೆ ಇತ್ತು. ಅದು ಇಲ್ಲವೆಂದು ಯಾರೂ ಯಾವತ್ತೂ ಅಂದಿರಲಿಲ್ಲ, ಸಹಿ ಇರಲಿಲ್ಲ ಅಷ್ಟೇ. ನಾನು ಕೀಲಿ ತೆಗೆದು ನಾಲ್ಕು ಡಜನ್ ಟ್ಯೂಬು ಅವರ ಚೀಲಕ್ಕೆ ಹಾಕಿದೆ. ಪುಸ್ತಕದಲ್ಲಿ ಬರೆಯದೆ ಮತ್ತೆ ಕೀಲಿ ಹಾಕಿದೆ.

ಹದಿನೈದು ದಿನದ ಮೇಲೆ ಅವರು ಬಾಗಿಲಲ್ಲೇ ನಿಂತು, "ಎಡಗಣ್ಣು ಉಳೀತು. ಎತ್ತು ಮತ್ತ ಹೊಲಕ್ಕ, ಗಳೇಕ್ಕ ಹೋತು" ಎಂದು ಹೇಳಿ ಹೊರಟುಹೋದರು. ಅಷ್ಟು ಹೇಳಲಿಕ್ಕೆ ಬಸ್ಸು ಹಿಡಿದು ಬಂದಿದ್ದರು. ಅವರು ನಕ್ಕದ್ದನ್ನು ನಾನು ಕಂಡದ್ದು ಅದೊಂದೇ ಸಲ.

ವರ್ಷದ ಕೊನೆಗೆ ತಪಾಸಣೆಯವರಿಗೆ ಆ ನಾಲ್ಕು ಡಜನ್ ಕಡಿಮೆ ಇದ್ದದ್ದು ಗೊತ್ತಾಯಿತು. ನನಗೆ ಮೆಮೊ ಬಂತು. ಸುದ್ದಿ ಹೇಗೋ ಮುಟ್ಟಿ, ನಾನು ಉತ್ತರ ಬರೆಯುವ ಮೊದಲೇ ಫಕೀರಪ್ಪನವರಿಂದ ಸಾಹೇಬರಿಗೆ ಒಂದು ಕಾಗದ ಬಂತು. ಅದರಲ್ಲಿ ಕಣ್ಣಿನ ಚಿತ್ರ ಇರಲಿಲ್ಲ. "ಗುಮಾಸ್ತೆ ಊಟಕ್ಕೆ ಹೋದಾಗ ಕಪಾಟಿನಿಂದ ನಾನೇ ತೆಗೆದುಕೊಂಡು ಹೋದೆ. ಆಕೆಗೆ ಗೊತ್ತಿಲ್ಲ" ಎಂದಿತ್ತು.

ವಿಚಾರಣೆಗೆ ಬಂದ ದಿನ ವರಾಂಡದಲ್ಲಿ ಅವರನ್ನು ತಡೆದೆ. "ಯಾಕ ಸುಳ್ಳು ಬರದ್ರಿ ಕಾಕಾ? ನಾ ಕೇಳಿದ್ನೇನು?"

"ನಿನ್ನ ನೌಕರಿ ಇನ್ನೂ ಕಾಯಂ ಆಗಿಲ್ಲ. ನನ್ನ ಏನ್ ಮಾಡತಾರ, ಇಲ್ಲಿಂದ ಕಿತ್ತು ಅಲ್ಲಿ ಒಗೀತಾರ. ಅಲ್ಲೂ ದನಾ ಅದಾವ."

ಒಳಗೆ ಹೋಗಿ ಖರೆ ಹೇಳಬೇಕೆಂದು ಎರಡು ಸಲ ಎದ್ದೆ, ಎರಡು ಸಲವೂ ಕೂತೆ. ಅವರನ್ನು ಅಥಣಿ ಕಡೆ ವರ್ಗ ಮಾಡಿದರು. ನನ್ನ ನೌಕರಿ ಕಾಯಂ ಆಯಿತು. ಅದರ ಸಿಟ್ಟನ್ನು ಯಾರ ಮೇಲೆ ತೀರಿಸಿಕೊಳ್ಳಬೇಕೆಂದು ನನಗೆ ಇವತ್ತಿಗೂ ತಿಳಿದಿಲ್ಲ.

ಅವರ ಜಾಗಕ್ಕೆ ಬಂದವರು ಫಾರಂ ತಪ್ಪಿಲ್ಲದೆ ತುಂಬುತ್ತಿದ್ದರು. ಮುಂದಿನ ಮಳೆಗಾಲದ ವರದಿಯಲ್ಲಿ ಆ ದವಾಖಾನೆಯ ಕಣ್ಣುಬೇನೆಯ ಕಾಲಮ್ಮಿನಲ್ಲಿ 'ನಿರಂಕ' ಎಂದಿತ್ತು, ಒಂದೂ ಇಲ್ಲ ಅಂತ. ಅದರ ಮುಂದಿನ ವರ್ಷವೂ ನಿರಂಕ. "ಈಗ ನೋಡ್ರಿ, ಎಷ್ಟ ಛಲೋ ನಡದೈತಿ" ಎಂದರು ಸಾಹೇಬರು.

ನಾನು ಅದನ್ನು ಫಕೀರಪ್ಪನವರಿಗೆ ಕಾಗದ ಬರೆದು ತಿಳಿಸಿದೆ. ಒಂದು ಭಾನುವಾರ ಅವರು ನಮ್ಮ ಟಿಳಕವಾಡಿಯ ಮನೆಗೇ ಬಂದರು. ಬಹಳ ಇಳಿದಿದ್ದರು. ಅವ್ವ ಕೊಟ್ಟ ಚಹಾ ಕುಡಿದು, "ನಿರಂಕ ಅಂದ್ರ ಬ್ಯಾನಿ ಇಲ್ಲಂತಲ್ಲ, ಬರಕೊಂಡಿಲ್ಲಂತ. ಯಾಕ ಅಂತ ನೀ ಆಫೀಸಿನಿಂದ ಕೇಳಿ ಬರಿ" ಎಂದರು.

"ನಾ ಬರೇ ಗುಮಾಸ್ತೆ. ನಾ ಹೆಂಗ ಕೇಳ್ಲಿರಿ?"

ಅವರು ಬಯ್ಯುತ್ತಾರೆಂದು ಕಾದೆ. "ಆತು ಬಿಡು" ಎಂದರು. ಕೊಡೆ ತೆಗೆದುಕೊಂಡು ಎದ್ದರು. ಸ್ಟೇಶನ್ನಿನ ಕಡೆ ತಿರುಗುವತನಕ ಬಾಗಿಲಲ್ಲಿ ನಿಂತು ನೋಡಿದೆ. ಅದೇ ಕೊನೆ.

ಆ ಪ್ರಶ್ನೆಯನ್ನು ನಾನು ಬರೆದೆ. ಆದರೆ ತಡಮಾಡಿ, ಮೂರು ತಿಂಗಳ ಮೇಲೆ, ಇತರ ಕಾಗದಗಳ ನಡುವೆ ಸೇರಿಸಿ ಸಾಹೇಬರ ಸಹಿ ಹಾಕಿಸಿದೆ. ಉತ್ತರ ಶುದ್ಧ ಕಚೇರಿ ಭಾಷೆಯಲ್ಲಿ ಬಂತು. "ಕಣ್ಣಿನ ಮುಲಾಮು ದಾಸ್ತಾನಿಲ್ಲದ ಕಾರಣ ಜನರು ಜಾನುವಾರುಗಳನ್ನು ತರುತ್ತಿಲ್ಲ. ಆದ್ದರಿಂದ ಪ್ರಕರಣಗಳು ನಿರಂಕ. ಪ್ರಕರಣಗಳಿಲ್ಲದ ಕಾರಣ ಮುಲಾಮಿಗೆ ಬೇಡಿಕೆ ಸಲ್ಲಿಸಿಲ್ಲ." ಸಾಹೇಬರು ಕೆಳಗೆ 'ನೋಡಿದೆ' ಎಂದು ಬರೆದು ಕಡತಕ್ಕೆ ಹಾಕಿಸಿದರು.

ನಾನು ಆ ಉತ್ತರವನ್ನು ಕೈಯಿಂದ ನಕಲು ಮಾಡಿ, ಅಥಣಿ ಕಡೆಯ ವಿಳಾಸಕ್ಕೆ ಅಂಚೆಗೆ ಹಾಕಿದೆ. ಎಂಟು ದಿನಕ್ಕೆ ಲಕೋಟೆ ಒಡೆಯದೆ ಹಾಗೇ ವಾಪಸು ಬಂತು. ಅಂಚೆಯವನು ವಿಳಾಸಕ್ಕೆ ಅಡ್ಡಗೆರೆ ಹೊಡೆದು ಪಕ್ಕದಲ್ಲಿ ಬರೆದಿದ್ದ: ತೀರಿಕೊಂಡಿದ್ದಾರೆ.