ಗ್ರೂಪ್ ಫೋಟೋದ ಎರಡು ತುದಿ

"ಅಕ್ಕ, ನಾನೂ ಶೈಲಾನೂ ಇಬ್ಬರೇ ನಿಂತಿರೋ ಫೋಟೋ ಒಂದಾದ್ರೂ ನಿಮ್ಮ ಫೋನಲ್ಲಿದ್ಯಾ? ಸ್ವಲ್ಪ ಹುಡುಕ್ತೀರಾ?"

ಕಳೆದ ವಾರ ವಾಣಿ ಫೋನ್ ಮಾಡಿ ಹೀಗೆ ಕೇಳಿದಾಗ ನಾನು ಫ್ರೀವೇಯಲ್ಲಿ ಸಿಕ್ಕಿಹಾಕಿಕೊಂಡಿದ್ದೆ. (ಯಾವಾಗ ಸಿಕ್ಕಿಹಾಕಿಕೊಂಡಿರುವುದಿಲ್ಲ ಎಂದು ನೀವು ಕೇಳಬಹುದು.) ಅದೇನು ಮಹಾ, ಮನೆಗೆ ಹೋಗಿ ಹತ್ತು ಕಳಿಸ್ತೀನಿ ಎಂದೆ. ಇಲ್ಲಿಯ ನಮ್ಮ ಕನ್ನಡ ಹೆಂಗಸರ ಗುಂಪಿನಲ್ಲಿ ಫೋಟೋ ತೆಗೆಯುವ ಕೆಲಸ ನನಗೇ ಗಂಟುಬಿದ್ದಿದೆ. ಯುಗಾದಿ, ಗಣೇಶ, ಸೀಮಂತ, ಗೃಹಪ್ರವೇಶ, ಎಲ್ಲವೂ ನನ್ನ ಫೋನಿನಲ್ಲಿವೆ.

ಕ್ಯಾಲಿಫೋರ್ನಿಯಾದ ಪ್ಲೆಸೆಂಟನ್ನಿನಲ್ಲಿರುವ ನಮ್ಮ ಮನೆಗೆ ಬಂದು ಹುಡುಕಿದೆ. ಒಂದೂ ಸಿಗಲಿಲ್ಲ. ಇಬ್ಬರೂ ಎಲ್ಲ ಫೋಟೋಗಳಲ್ಲೂ ಇದ್ದಾರೆ. ಆದರೆ ವಾಣಿ ಎಡಗಡೆಯ ಕೊನೆಗೆ, ಶೈಲಾ ಬಲಗಡೆಯ ಕೊನೆಗೆ. ನಡುವೆ ರೇಷ್ಮೆ ಸೀರೆ ಉಟ್ಟ ನಾವು ಹತ್ತು ಹನ್ನೆರಡು ಹೆಂಗಸರು (ಟೈಮರ್ ಒತ್ತಿ ಓಡಿಬಂದ ನಾನೂ ಸೇರಿ) ಗೋಡೆ ಕಟ್ಟಿದ ಹಾಗೆ ನಿಂತಿದ್ದೇವೆ.

ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ. ಮೈಸೂರಿನ ವಾಣಿ, ಹಾಸನದ ಶೈಲಾ, ಇಬ್ಬರೂ ದಂಪತಿ. ಸ್ಯಾನ್ ಫ್ರಾನ್ಸಿಸ್ಕೋದ ಸಿಟಿ ಹಾಲಿನಲ್ಲಿ ಕಾನೂನು ಪ್ರಕಾರ ಮದುವೆಯಾದವರು. ರೆಡ್‌ವುಡ್ ಸಿಟಿಯ ಒಂದೇ ಅಪಾರ್ಟ್‌ಮೆಂಟಿನಲ್ಲಿ ಒಂಬತ್ತು ವರ್ಷದಿಂದ ಸಂಸಾರ ಮಾಡಿಕೊಂಡಿದ್ದಾರೆ. ನಮ್ಮ ಗುಂಪಿನಲ್ಲಿ ಮಾತ್ರ ಅವರು ರೂಮ್‌ಮೇಟ್ಸು. ಅವರೇ ಹಾಗೆ ಹೇಳಿದರು, ನಾವೂ ಹಾಗೇ ಕರೆಯುತ್ತಾ ಬಂದೆವು. ನಲವತ್ತು ದಾಟಿದ, ಕೈತುಂಬ ದುಡಿಯುವ ಹೆಂಗಸಿಗೆ ರೂಮ್‌ಮೇಟ್ ಯಾಕಮ್ಮ ಬೇಕು ಎಂದು ಯಾರೂ ಕೇಳಲಿಲ್ಲ.

ಈಗ ಶೈಲಾಳ ಕೆಲಸ ಹೋಗಿದೆ. ಕೆಲಸ ಹೋದರೆ ಇಲ್ಲಿ ವೀಸಾನೂ ಹೋದ ಹಾಗೆಯೇ. ವಾಣಿ ಇಲ್ಲಿಯ ಸಿಟಿಜನ್. ಹೆಂಡತಿಗೆ ಗ್ರೀನ್ ಕಾರ್ಡ್ ಕೊಡಿ ಎಂದು ಕೇಳುವ ಹಕ್ಕು ಅವಳಿಗಿದೆ. ಶೈಲಾಗೆ ಕೆಲಸವಿದ್ದಷ್ಟು ದಿನ ಅಗತ್ಯ ಬೀಳಲಿಲ್ಲ, ಈಗ ಕೇಳಿದ್ದಾಳೆ. ಸಿಕ್ಕರೆ ಶೈಲಾ ಇಲ್ಲಿರುತ್ತಾಳೆ, ಸಿಗದಿದ್ದರೆ ಗಂಟುಮೂಟೆ ಕಟ್ಟಬೇಕು. ಜೊತೆಗೆ ವಾಣಿಯೂ ಊರಿಗೆ ಹೋಗಬಹುದಲ್ಲ ಎನ್ನುತ್ತೀರಾ? ಹೋಗಬಹುದು. ಆದರೆ ವಿಮಾನ ಬೆಂಗಳೂರಿನಲ್ಲಿ ಇಳಿಯುವ ಹೊತ್ತಿಗೆ ಆ ಮದುವೆ ಯಾವ ಲೆಕ್ಕಕ್ಕೂ ಇಲ್ಲ. ಅಲ್ಲಿ ಅವರು ಮತ್ತೆ ರೂಮ್‌ಮೇಟ್ಸು.

ಹೋದ ತಿಂಗಳು, ಈ ಮದುವೆ ನಿಜವೇ ಎಂದು ನೋಡಲು, ಇಮಿಗ್ರೇಷನ್ ಆಫೀಸಿನಲ್ಲಿ ಇಬ್ಬರಿಗೂ ಇಂಟರ್‌ವ್ಯೂ ಆಯಿತು. "ಆ ಆಫೀಸರಮ್ಮ ಮರ್ಯಾದೆಯಿಂದಲೇ ಮಾತಾಡಿದ್ರು ಅಕ್ಕ" ಎಂದಳು ವಾಣಿ, ಫೋಟೋ ಸಿಗಲಿಲ್ಲ ಎಂದು ನಾನು ಫೋನ್ ಮಾಡಿದಾಗ. "ಫೋಟೋ ಎಲ್ಲಾ ನೋಡಿ, ಇಷ್ಟು ವರ್ಷ ಜೊತೆಗಿದ್ದೀರಿ, ನಾಲ್ಕು ಜನರ ಜೊತೆಗಿರೋ ಒಂದರಲ್ಲೂ ಪಕ್ಕಪಕ್ಕ ನಿಂತಿಲ್ವಲ್ಲ, ಯಾಕೆ ಅಂದ್ರು."

"ನೀನೇನಂದೆ?"

"ನಮ್ಮೋರ ಮುಂದೆ ಹಾಗೆ ನಿಂತ್ಕೊಳ್ಳಲ್ಲ ಅಂದೆ. ನಿಮ್ಮೋರು ಅಂದ್ರೆ ಫ್ರೆಂಡ್ಸ್ ತಾನೇ, ಅವರ ಮುಂದೆ ಏನ್ ಸಂಕೋಚ ಅಂದ್ರು."

ಕೊನೆಗೆ, ಇನ್ನಷ್ಟು ಪುರಾವೆ ತನ್ನಿ, ನಿಮ್ಮನ್ನು ದಂಪತಿ ಎಂದು ಬಲ್ಲ ಗೆಳೆಯರಿಂದ ಬರೆಸಿಕೊಂಡು ಬನ್ನಿ ಎಂದು ಹೇಳಿ ಕಳಿಸಿದ್ದಾರೆ.

ನನ್ನದೇ ಇಂಟರ್‌ವ್ಯೂ ನೆನಪಾಯಿತು. ನಮ್ಮನೆಯವರು ಆಗಲೇ ಇಲ್ಲಿಯ ಸಿಟಿಜನ್ ಆಗಿದ್ದರು. ನಾನು ಅವರನ್ನು ಮೊದಲು ನೋಡಿದ್ದು ಉಪ್ಪಿಟ್ಟಿನ ತಟ್ಟೆ ಹಿಡಿದುಕೊಂಡು, ಎರಡನೇ ಸಲ ನೋಡಿದ್ದು ಮಂಟಪದಲ್ಲಿ. ಮದುವೆಯ ಆಲ್ಬಮ್ಮಿನಲ್ಲಿ ಇಬ್ಬರೂ ಹಲ್ಲು ಕೀಳಿಸಿಕೊಳ್ಳಲು ಬಂದವರ ಹಾಗೆ ಕೂತಿದ್ದೇವೆ. ಆಫೀಸರ್ ಎರಡು ಪುಟ ತಿರುವಿ, ಹಾರ ಬಹಳ ಚೆನ್ನಾಗಿದೆ ಎಂದು ಹೇಳಿ ಕಳಿಸಿಕೊಟ್ಟರು. ಒಬ್ಬರಿಗೊಬ್ಬರ ಗುರುತು ಪರಿಚಯವೇ ಇಲ್ಲದ ನಮ್ಮಿಬ್ಬರನ್ನು ನಂಬಿದರು. ಒಂಬತ್ತು ವರ್ಷ ಜೊತೆಗೆ ಬಾಳಿದ ಇವರು ರುಜುವಾತು ಹುಡುಕಿಕೊಂಡು ಅಲೆಯುತ್ತಿದ್ದಾರೆ.

ಶನಿವಾರ ವಾಲ್ನಟ್ ಕ್ರೀಕಿನ ಪದ್ಮಕ್ಕನ ಮನೆಯಲ್ಲಿ ಅರಿಶಿನ ಕುಂಕುಮವಿತ್ತು. ಶೈಲಾ ಎಂದಿನಂತೆ ದೊಡ್ಡ ಪಾತ್ರೆಯಲ್ಲಿ ಬಿಸಿಬೇಳೆಬಾತ್ ಮಾಡಿ ತಂದಿದ್ದಳು. (ನಮ್ಮ ಯಾವ ಸಮಾರಂಭವೂ ಅವಳ ಬಿಸಿಬೇಳೆಬಾತ್ ಇಲ್ಲದೆ ನಡೆದಿಲ್ಲ.) ನಾನು ಪದ್ಮಕ್ಕನನ್ನು ಅಡುಗೆಮನೆಗೆ ಕರೆದು ವಿಷಯ ಹೇಳಿದೆ.

"ಅಲ್ವೇ, ನಮಗೇನ್ ಗೊತ್ತಿರಲಿಲ್ವಾ? ಎಲ್ಲಾರ್ಗೂ ಗೊತ್ತಿತ್ತು" ಎಂದರು ಪದ್ಮಕ್ಕ. "ಮರ್ಯಾದೆಗೆ ಸುಮ್ನಿದ್ವಿ ಅಷ್ಟೆ."

"ಸರಿ ಹಾಗಾದ್ರೆ. ಅದನ್ನೇ ಎರಡು ಸಾಲು ಬರೆದು ಸೈನ್ ಹಾಕಿಕೊಡಿ."

"ಬರೆಯೋದಾ? ಅಯ್ಯೋ, ಅದೆಲ್ಲ ಬೇಡ ಕಣೇ. ನಾಳೆ ಊರಲ್ಲಿ ನಮ್ಮ ನಾದಿನಿಗೆ ಗೊತ್ತಾದ್ರೆ?"

ಪದ್ಮಕ್ಕ ಕೆಟ್ಟವರಲ್ಲ. ಶೈಲಾಗೆ ಆಪರೇಷನ್ ಆದಾಗ ದಿನಾ ಸಾರು ಅನ್ನ ಹೊತ್ತುಕೊಂಡು ಹೋದವರು ಅವರೇ. ಇನ್ನೂ ಕೆಲವರನ್ನು ಕೇಳಿದೆ. ಒಬ್ಬರು ಗಂಡನನ್ನು ಕೇಳಿ ಹೇಳುತ್ತಾರಂತೆ. ಒಬ್ಬರು, ನನ್ನದೇ ಗ್ರೀನ್ ಕಾರ್ಡ್ ಇನ್ನೂ ಬಂದಿಲ್ಲ, ಇದೆಲ್ಲ ಯಾಕೆ ಎಂದರು. ಇನ್ನೊಬ್ಬರು, ಪಾಪ, ನಾನು ದೇವರಿಗೆ ಹೇಳಿಕೊಳ್ತೀನಿ ಎಂದರು. ಗ್ರೀನ್ ಕಾರ್ಡ್ ದೇವರು ಕೊಡುವುದಿದ್ದರೆ ನಾವೆಲ್ಲ ಯಾಕೆ ಹೀಗೆ ಒದ್ದಾಡುತ್ತಿದ್ದೆವು?

ಗ್ರೂಪ್ ಫೋಟೋದ ಹೊತ್ತಾಯಿತು. ವಾಣಿ ಎಡಗಡೆಯ ಕೊನೆಗೆ, ಶೈಲಾ ಬಲಗಡೆಯ ಕೊನೆಗೆ ಆಗಲೇ ಹೋಗಿ ನಿಂತಿದ್ದರು. ಯಾರೂ ಹೇಳಿರಲಿಲ್ಲ, ಕಾಲು ತಾನೇ ಎಳೆದುಕೊಂಡು ಹೋಗಿತ್ತು. "ಇಬ್ಬರೂ ಮಧ್ಯಕ್ಕೆ ಬನ್ರೇ" ಎಂದು ನಾನೇ ಕೂಗಿದೆ. ಬಂದರು. ಪಾಸ್‌ಪೋರ್ಟ್ ಫೋಟೋಗೆ ನಿಂತವರ ಹಾಗೆ ಬಿಗಿದುಕೊಂಡು ನಿಂತರು. ಆ ಫೋಟೋ ನೋಡಿದರೆ ನನಗೇ ನಂಬಿಕೆ ಬರುವುದಿಲ್ಲ.

ಮನೆಗೆ ಬಂದು ಬೇಸರದಲ್ಲಿ ಹಳೆಯ ಫೋಟೋಗಳನ್ನೇ ಮತ್ತೆ ನೋಡುತ್ತಾ ಕೂತೆ. ಆಗ ಕಣ್ಣಿಗೆ ಬಿತ್ತು. ಬಲಗಡೆಯ ಕೊನೆಯಲ್ಲಿ ನಿಂತ ಶೈಲಾಳ ಹೆಗಲಲ್ಲಿ ಎರಡು ಬ್ಯಾಗು. ಯುಗಾದಿಯಲ್ಲೂ ಎರಡು, ಗಣೇಶನ ಹಬ್ಬದಲ್ಲೂ ಎರಡು. ಒಂದು ಅವಳದು, ಇನ್ನೊಂದು ವಾಣಿಯದು. ವಾಣಿ ಹೋದಲ್ಲೆಲ್ಲ ಬ್ಯಾಗು ಮರೆತು ಬರುವವಳು. ನನ್ನ ಬ್ಯಾಗನ್ನು ಹೀಗೇ ಗೊಣಗಿಕೊಂಡು ಹೊರುವವರು ಪ್ರಪಂಚದಲ್ಲಿ ಒಬ್ಬರೇ, ನಮ್ಮನೆಯವರು. ರೂಮ್‌ಮೇಟ್ ಯಾರಾದರೂ ಇಷ್ಟು ವರ್ಷ ಬ್ಯಾಗು ಹೊರುತ್ತಾರೆಯೇ?

ಅದನ್ನೇ ಬರೆದು, ಸೈನ್ ಹಾಕಿ, ಫೋಟೋಗಳನ್ನು ಸೇರಿಸಿ ಕಳಿಸಿದೆ. ಓದಿದ ವಾಣಿ ಫೋನ್ ಮಾಡಿದಳು. "ಚೆನ್ನಾಗಿದೆ ಅಕ್ಕ. ಇನ್ನೂ ಇಬ್ಬರು ಬರೆದುಕೊಡಬೇಕು ಅಂತ ನಮ್ಮ ಲಾಯರು ಹೇಳ್ತಿದ್ದಾರೆ" ಎಂದಳು. ಇನ್ನಿಬ್ಬರು ಸಿಕ್ಕಿಲ್ಲ. ಕೇಳಿ ಕೇಳಿ ನನಗೂ ಸಾಕಾಗಿದೆ, ಅವರಿಗೆ ಎಷ್ಟು ಸಾಕಾಗಿರಬೇಡ.

ನನ್ನ ಮದುವೆಗೆ ಯಾರೂ ಏನೂ ಬರೆದುಕೊಟ್ಟಿರಲಿಲ್ಲ. ಬಂದರು, ಉಂಡರು, ಎಲೆ ಅಡಿಕೆ ಹಾಕಿಕೊಂಡು ಹೋದರು. ಅಷ್ಟಕ್ಕೇ ಅವರೆಲ್ಲ ಸಾಕ್ಷಿಗಳಾದರು. ಹಾಗಾದರೆ ಶೈಲಾಳ ಬಿಸಿಬೇಳೆಬಾತನ್ನು ಇಷ್ಟು ವರ್ಷ ಉಂಡ ನಾವೆಲ್ಲ ಯಾರು?